ಬಣವೆಗೆ ಬಿದ್ದ ಬೆಂಕಿ: 1791ರ ಯುದ್ಧ ಮತ್ತು ನಮ್ಮ ಹಳ್ಳಿಗಳು



ಸಂಘದ ಬೆಳ್ಳಿ ಹಬ್ಬದ ಸಂಚಿಕೆಗೆ ನಮ್ಮ ಭಾಗದ ಇತಿಹಾಸ ಏನಾದರೂ ಬರೆದುಕೊಡಿ ಎಂದು ಸಂಪಾದಕ ಸಮಿತಿಯವರು ಕೇಳಿದಾಗ, ಬಿನ್ನಿ ಗಿರಣಿಯ ಬಗ್ಗೆ ಬರೆಯೋಣ ಅಂತಲೇ ಕೂತೆ. ಬಿನ್ನಿಪೇಟೆ ಎಂಬ ಹೆಸರೇ ಗಿರಣಿಯಿಂದ ಬಂದದ್ದು. 1884ರಲ್ಲಿ ಶುರುವಾದ ಉಣ್ಣೆ, ಹತ್ತಿ, ರೇಷ್ಮೆ ಗಿರಣಿಯನ್ನು ಬಿನ್ನಿ ಕಂಪನಿಯವರು ವಹಿಸಿಕೊಂಡ ಮೇಲೆ ಸುತ್ತಲೂ ಜನ ಸೇರಿ ಊರಾಯಿತು. ಇಂದು ಗಿರಣಿಯೂ ಇಲ್ಲ, ಅದರ ಸಿಳ್ಳೂ ಇಲ್ಲ. ಆದರೆ ಆ ಸಿಳ್ಳಿಗೆ ಎದ್ದು ಬುತ್ತಿ ಕಟ್ಟಿಕೊಂಡು ಹೋದವರ ಮಕ್ಕಳು, ಮೊಮ್ಮಕ್ಕಳು ನಮ್ಮ ಸಂಘದ ಸದಸ್ಯರ ಪಟ್ಟಿಯಲ್ಲಿ ಇದ್ದಾರೆ.

ಈ ಜನ ಎಲ್ಲಿಂದ ಬಂದರು ಎಂದು ಕೇಳಿದರೆ ಉತ್ತರ ನಿಮಗೇ ಗೊತ್ತು. ಮಾಗಡಿ ಕಡೆಯವರು, ಕನಕಪುರದ ಕಡೆಯವರು, ರಾಮನಗರ, ಚನ್ನಪಟ್ಟಣದ ಕಡೆಯವರು, ತಮಿಳುನಾಡು, ಆಂಧ್ರದಿಂದ ಬಂದವರು. ಹಿರಿಯರನ್ನು ಕೇಳಿದರೆ "ವಲಸೆ ಬಂದೋರು ಕಣಪ್ಪ ನಾವು" ಅನ್ನುತ್ತಾರೆ. ಈ 'ವಲಸೆ' ಎಂಬ ಮಾತು ನನ್ನನ್ನು ಗಿರಣಿಯಿಂದ ಎಬ್ಬಿಸಿ ನೂರು ವರ್ಷ ಹಿಂದಕ್ಕೆ ಕರೆದುಕೊಂಡು ಹೋಯಿತು. ಆದ್ದರಿಂದ ಬರೆಯಬೇಕೆಂದಿದ್ದನ್ನು ಬಿಟ್ಟು ಬೇರೆಯದನ್ನೇ ಬರೆದಿದ್ದೇನೆ. ಸಮಿತಿಯವರು ಮನ್ನಿಸಬೇಕು.

ವಲಸೆ ಎಂಬ ಮಾತಿನ ಹಳೆಯ ಅರ್ಥ

ಟಿಪ್ಪು ಸುಲ್ತಾನ್ ಮಡಿದ ಕೆಲವೇ ವರ್ಷಗಳಲ್ಲಿ ಮಾರ್ಕ್ ವಿಲ್ಕ್ಸ್ ಎಂಬ ಇಂಗ್ಲಿಷ್ ಅಧಿಕಾರಿ ಮೈಸೂರಿನಲ್ಲಿ ರೆಸಿಡೆಂಟ್ ಆಗಿದ್ದ. ಮೈಸೂರಿನ ಇತಿಹಾಸವನ್ನು ದೊಡ್ಡ ದೊಡ್ಡ ಸಂಪುಟಗಳಲ್ಲಿ ಬರೆದ. ಮೊದಲನೆಯದು ಅಚ್ಚಾದದ್ದು 1810ರಲ್ಲಿ. ಅದರಲ್ಲಿ ಆತ ನಮ್ಮ ಈ 'ವಲಸೆ' ಎಂಬ ಪದವನ್ನು ಹಾಗೆಯೇ ಎತ್ತಿಕೊಂಡು ಅರ್ಥ ವಿವರಿಸಿದ್ದಾನೆ. ಶತ್ರುವಿನ ದಂಡು ಬರುತ್ತಿದೆ ಎಂಬ ಸುದ್ದಿ ಬಂದ ಕೂಡಲೇ ಹಳ್ಳಿಯವರು ಹೊರಲಾಗದ ಸಾಮಾನನ್ನೆಲ್ಲ ನೆಲದಲ್ಲಿ ಹೂಳುತ್ತಿದ್ದರಂತೆ. ಹಾಲು ಕುಡಿಯುವ ಕೂಸು ತಾಯಿಯ ಕಂಕುಳಲ್ಲಿ. ಉಳಿದಂತೆ ಆರು ವರ್ಷ ದಾಟಿದ ಮಗುವಿನಿಂದ ಹಿಡಿದು ಪ್ರತಿಯೊಬ್ಬರ ತಲೆಯ ಮೇಲೂ ಅವರವರ ಶಕ್ತಿಗೆ ತಕ್ಕ ಕಾಳಿನ ಗಂಟು. ಹೀಗೆ ಊರಿಗೆ ಊರೇ ಎದ್ದು ಬೆಟ್ಟಕ್ಕೋ ಕಾಡಿಗೋ ನಡೆಯುವುದು. ದಂಡು ಹಿಂದಿರುಗುವುದು ತಡವಾಗಿ ಗಂಟಿನ ಕಾಳು ಮುಗಿದರೆ ಅಲ್ಲಿಯೇ ಹಸಿದು ಸಾಯುವುದು. ಇದಕ್ಕೇ ಒಂದು ಪ್ರತ್ಯೇಕ ಪದ ಬೇಕಾಯಿತೆಂದರೆ ಈ ಕಷ್ಟ ಎಷ್ಟು ಪದೇ ಪದೇ ಬರುತ್ತಿದ್ದಿರಬೇಕು ಎಂದು ಆತ ಆಶ್ಚರ್ಯಪಡುತ್ತಾನೆ.

ಇಂಗ್ಲಿಷರ ದಂಡು ಮಾತ್ರ ಬಂದರೆ ಜನ ಹೀಗೆ ಓಡುತ್ತಿರಲಿಲ್ಲ ಎಂದೂ ವಿಲ್ಕ್ಸ್ ತನ್ನವರ ಬೆನ್ನು ತಟ್ಟಿಕೊಂಡಿದ್ದಾನೆ. ಅದನ್ನು ಎಷ್ಟರ ಮಟ್ಟಿಗೆ ನಂಬಬೇಕು ಎಂಬುದನ್ನು ಮುಂದಿನ ಕಥೆ ಓದಿ ನೀವೇ ತೀರ್ಮಾನಿಸಿ.

ಬೇಸಿಗೆಯಲ್ಲಿ ಬಂದ ದಂಡು

ಮೈಸೂರಿನ ಮೂರನೆಯ ಯುದ್ಧ ನಡೆದದ್ದು 1790ರಿಂದ 1792ರವರೆಗೆ. ಒಂದು ಕಡೆ ಟಿಪ್ಪು ಸುಲ್ತಾನ್. ಇನ್ನೊಂದು ಕಡೆ ಇಂಗ್ಲಿಷ್ ಕಂಪನಿ, ಪೇಶ್ವೆಯ ಮರಾಠರು ಮತ್ತು ಹೈದರಾಬಾದಿನ ನಿಜಾಮ. 1791ರ ಫೆಬ್ರವರಿಯಲ್ಲಿ ಗವರ್ನರ್ ಜನರಲ್ ಕಾರ್ನ್‌ವಾಲಿಸ್ ತಾನೇ ದಂಡು ನಡೆಸಿಕೊಂಡು ಘಟ್ಟ ಹತ್ತಿ, ಕೋಲಾರ, ಹೊಸಕೋಟೆ ಮಾರ್ಗವಾಗಿ ಮಾರ್ಚ್ ಮೊದಲ ವಾರ ಬೆಂಗಳೂರಿನ ಮುಂದೆ ಬಂದು ನಿಂತ.

ತಿಂಗಳನ್ನು ಸ್ವಲ್ಪ ಗಮನಿಸಿ. ರಾಗಿ ಕೊಯ್ಲು ಮುಗಿದು, ಕಣ ಆಗಿ, ಹುಲ್ಲು ಬಣವೆ ಸೇರಿರುವ ಕಾಲ. ಹೊಲದಲ್ಲಿ ಹಸಿರೆಂಬುದಿಲ್ಲ. ಮುಂಗಾರು ಬಂದು ನೆಲದಲ್ಲಿ ಗರಿಕೆ ಚಿಗುರುವವರೆಗೆ ಊರಿನ ದನಕ್ಕೆ ಆ ಬಣವೆಯೇ ಗತಿ. ಬಂದ ದಂಡಿಗೂ ಅದೇ ಗತಿ! ಆ ಕಾಲದ ಫಿರಂಗಿ ತನ್ನಷ್ಟಕ್ಕೆ ಉರುಳುವುದಿಲ್ಲ. ಕೋಟೆ ಒಡೆಯುವ ಒಂದೊಂದು ದೊಡ್ಡ ತೋಪು ಎಳೆಯಲು ಹತ್ತಾರು ಜೊತೆ ಎತ್ತು ಬೇಕು. ಗುಂಡು, ಮದ್ದು, ಅಕ್ಕಿ, ಡೇರೆ ಎಲ್ಲಕ್ಕೂ ಎತ್ತೇ. ಎತ್ತು ಬಿದ್ದರೆ ದಂಡು ಬಿದ್ದಂತೆ.

ಇದು ಟಿಪ್ಪುವಿಗೆ ಚೆನ್ನಾಗಿ ಗೊತ್ತಿತ್ತು. ಅವನ ಅಮೃತಮಹಲ್ ದನಗಳು ಹೆಸರುವಾಸಿಯಾದವು. ಎತ್ತಿನ ಬೆಲೆ ಅವನಷ್ಟು ಬಲ್ಲ ದೊರೆ ಆಗ ಬೇರೊಬ್ಬನಿರಲಿಲ್ಲ ಎಂದರೂ ತಪ್ಪಾಗದು. ಆದ್ದರಿಂದ ಅವನ ಕುದುರೆ ಪಡೆ ಶತ್ರುವಿನ ದಾರಿಯ ಮುಂದೆ ಮುಂದೆ ಹೋಗಿ ಹಳ್ಳಿಗಳ ಬಣವೆಗಳಿಗೆ, ಕಾಳಿನ ರಾಶಿಗೆ, ಕಡೆಗೆ ಮನೆಗಳಿಗೂ ಬೆಂಕಿ ಇಡುತ್ತಾ ನಡೆಯಿತು. ಸುಟ್ಟ ಹಳ್ಳಿಗಳು ಶತ್ರುವಿನ ಹಳ್ಳಿಗಳಲ್ಲ, ತನ್ನದೇ ಪ್ರಜೆಗಳ ಹಳ್ಳಿಗಳು ಎಂಬುದನ್ನು ಮರೆಯಬಾರದು.

ದಂಡಿನವರೇನು ಕಡಿಮೆ ಇರಲಿಲ್ಲ. ಕಂಪನಿಯ ದಂಡಿನ ಹಿಂದೆ ಹೊರಟಿದ್ದ ಜನಜಂಗುಳಿ ಸಿಕ್ಕ ಸಿಕ್ಕ ಹಳ್ಳಿಯನ್ನು ಲೂಟಿ ಮಾಡಿ ಸುಟ್ಟಿತು. ಅದನ್ನು ತಡೆಯಲು ಕಾರ್ನ್‌ವಾಲಿಸ್ ಕೆಲವರನ್ನು ಗಲ್ಲಿಗೇರಿಸಬೇಕಾಯಿತು. ಹೀಗೆ ಮುಂದೆ ಬಂದವರು ಮೇವು ಸುಟ್ಟರು, ಹಿಂದೆ ಬಂದವರು ಉಳಿದದ್ದು ದೋಚಿದರು. ಎರಡು ಕೋಣಗಳ ಕಾಳಗದಲ್ಲಿ ಗಿಡಕ್ಕೆ ಸಾವು ಅನ್ನುವ ಗಾದೆ ಇದಕ್ಕೇ ಹುಟ್ಟಿತೇನೋ.

ಬೆಂಗಳೂರು ಬಿತ್ತು

ನಾವು ಬಿನ್ನಿಪೇಟೆಯಿಂದ ಕೆ.ಆರ್. ಮಾರ್ಕೆಟ್ಟಿಗೆ ದಿನಾ ಓಡಾಡುತ್ತೇವೆ. ಮಾರ್ಕೆಟ್ಟಿನ ಪಕ್ಕದಲ್ಲಿ ಉಳಿದಿರುವ ಕಲ್ಲಿನ ಕೋಟೆಯ ತುಂಡನ್ನು ತಲೆ ಎತ್ತಿ ನೋಡುವವರು ಕಡಿಮೆ. ಆಗ ಬೆಂಗಳೂರು ಎಂದರೆ ಎರಡು ಭಾಗ. ಉತ್ತರಕ್ಕೆ ಚಿಕ್ಕಪೇಟೆ, ದೊಡ್ಡಪೇಟೆಗಳಿದ್ದ ವ್ಯಾಪಾರದ ಪೇಟೆ, ಸುತ್ತ ಕಂದಕ ಮತ್ತು ಮುಳ್ಳಿನ ಬೇಲಿ. ಅದರ ದಕ್ಷಿಣಕ್ಕೆ ಕಲ್ಲಿನ ಕೋಟೆ. ಈಗಿನ ನಮ್ಮ ಬಿನ್ನಿಪೇಟೆ ಆಗ ಪೇಟೆಯ ಪಶ್ಚಿಮಕ್ಕೆ ಊರ ಹೊರಗಿನ ಬಯಲು. ಇನ್ನೂ ಪಶ್ಚಿಮಕ್ಕೆ, ಕೆಂಗೇರಿ ಕಡೆಗೆ, ಟಿಪ್ಪುವಿನ ದಂಡು ಇತ್ತು.

ಮಾರ್ಚ್ 7ರಂದು ಇಂಗ್ಲಿಷರು ಹಲಸೂರು ಬಾಗಿಲು ಒಡೆದು ಪೇಟೆಗೆ ನುಗ್ಗಿದರು. ಅವರ ಕರ್ನಲ್ ಮೂರ್‌ಹೌಸ್ ಅಲ್ಲಿಯೇ ಸತ್ತ. ಪೇಟೆಯನ್ನು ಬಿಡಿಸಿಕೊಳ್ಳಲು ಟಿಪ್ಪುವಿನ ಕಡೆಯವರು ಬೀದಿ ಬೀದಿಯಲ್ಲಿ ಹೋರಾಡಿದರೂ ಆಗಲಿಲ್ಲ. ಪೇಟೆಯಲ್ಲಿ ಸಿಕ್ಕ ಮೇವು ಬಹಳ ದಿನ ಬರಲಿಲ್ಲ. ಮನೆಗಳ ಸೂರಿನ ಹಳೆಯ ಹುಲ್ಲನ್ನು ಕಿತ್ತು ಎತ್ತುಗಳಿಗೆ ಹಾಕಿದರು, ನೆಲ ಕೆರೆದು ಹುಲ್ಲಿನ ಬೇರು ತಂದು ತಿನ್ನಿಸಿದರು. ಸುಟ್ಟ ಮನೆಯ ಸೂರೂ ಹೋಯಿತು, ಸುಡದೆ ಉಳಿದ ಮನೆಯ ಸೂರೂ ಹೋಯಿತು ಎಂದಾಯಿತು.

ಮಾರ್ಚ್ 21ರ ರಾತ್ರಿ ಕೋಟೆಯೂ ಬಿತ್ತು. ಕಿಲ್ಲೇದಾರ ಬಹಾದೂರ್ ಖಾನ್ ವಯಸ್ಸಾದವನು, ಓಡದೆ ನಿಂತು ಕಾದಾಡಿ ಮಡಿದ. ಅವನ ಜೊತೆ ಸಾವಿರಕ್ಕೂ ಹೆಚ್ಚು ಜನ ಸತ್ತರು. ಗೋಡೆ ಒಡೆದ ಜಾಗವನ್ನು ತೋರಿಸುವ ಇಂಗ್ಲಿಷರ ಕಲ್ಲು ಇವತ್ತೂ ಅಲ್ಲಿದೆ. ಬಹಾದೂರ್ ಖಾನನ ಶೌರ್ಯವನ್ನು ಶತ್ರುಗಳೂ ಮೆಚ್ಚಿದರು. ಮೆಚ್ಚತಕ್ಕದ್ದೇ. ಆದರೆ ಬಣವೆ ಕಳೆದುಕೊಂಡ ಹಳ್ಳಿಗೆ ಅಂಥ ಕಲ್ಲನ್ನು ಯಾರೂ ನೆಡಲಿಲ್ಲ.

ಬೆಂಕಿ ಗೆದ್ದಿತೇ?

ಮೇ ತಿಂಗಳ ಮೊದಲಲ್ಲಿ ಕಾರ್ನ್‌ವಾಲಿಸ್ ಶ್ರೀರಂಗಪಟ್ಟಣಕ್ಕೆ ಹೊರಟ. ಚನ್ನಪಟ್ಟಣದ ನೇರ ದಾರಿಯನ್ನು ಟಿಪ್ಪು ಕಾಯುತ್ತಿದ್ದುದರಿಂದ ದಕ್ಷಿಣಕ್ಕೆ ತಿರುಗಿ ಕಾನಕಾನಹಳ್ಳಿಯ ದಾರಿ ಹಿಡಿದ. ಕಾನಕಾನಹಳ್ಳಿ ಎಂದರೆ ಇಂದಿನ ಕನಕಪುರ. ಇಂಗ್ಲಿಷರಿಗೆ ಆಸರೆ ಆಗಬಾರದೆಂದು ಟಿಪ್ಪು ಆ ಊರನ್ನು ಒಂದಲ್ಲ ಎರಡು ಸಲ ಹಾಳುಮಾಡಿಸಿದ ಎಂದು ಗೆಜೆಟಿಯರಿನಲ್ಲಿ ದಾಖಲಾಗಿದೆ. ಕೆಂಗೇರಿಯ ಬಗ್ಗೆಯೂ ಇದೇ ಮಾತು ಹೇಳುತ್ತಾರೆ. ಕನಕಪುರದ ಕಡೆಯಿಂದ ಬಂದ ನಮ್ಮ ಸದಸ್ಯರು ತಮ್ಮ ಊರಿನಲ್ಲಿ ಬಹಳ ಹಳೆಯ ಮನೆಗಳು ಯಾಕೆ ಕಾಣುವುದಿಲ್ಲ ಎಂದು ಯೋಚಿಸಿದ್ದರೆ, ಒಂದು ಕಾರಣ ಇದೂ ಇರಬಹುದು.

ದಾರಿಯುದ್ದಕ್ಕೂ ಕಾರ್ನ್‌ವಾಲಿಸನಿಗೆ ಸಿಕ್ಕಿದ್ದು ಬೂದಿ ಮತ್ತು ಬರಿದಾದ ಹಳ್ಳಿ. ಮೇ 15ರಂದು ಅರಕೆರೆ ಬಳಿ ನಡೆದ ಯುದ್ಧದಲ್ಲಿ ಆತ ಗೆದ್ದ. ಗೆದ್ದೂ ಏನೂ ಮಾಡಲಾಗಲಿಲ್ಲ. ಎತ್ತುಗಳು ಸಾಲು ಸಾಲಾಗಿ ಸತ್ತವು, ಸಿಪಾಯಿಗಳಿಗೆ ಅನ್ನ ಇಲ್ಲ, ಮೇಲೆ ಮಳೆ ಹಿಡಿಯಿತು. ಅಷ್ಟು ದೂರ ಎಳೆದು ತಂದ ದೊಡ್ಡ ತೋಪುಗಳನ್ನು ತಾನೇ ಒಡೆದುಹಾಕಿ ಮೇ ಕೊನೆಯಲ್ಲಿ ಹಿಂದಿರುಗಿದ. ದಾರಿಯಲ್ಲಿ ಮರಾಠರ ದಂಡು ಎದುರಾಗಿ, ಅವರ ಬಜಾರಿನಲ್ಲಿ ದುಬಾರಿ ಬೆಲೆಗೆ ಕಾಳು ಸಿಕ್ಕಿದ್ದರಿಂದ ದಂಡು ಬದುಕಿಕೊಂಡಿತು.

ಆಗ ನೋಡಿದವರು ಬೆಂಕಿಯೇ ಗೆದ್ದಿತು ಎಂದಿರಬೇಕು. ಆದರೆ ಮುಂದೇನಾಯಿತು? ಕಾರ್ನ್‌ವಾಲಿಸ್ ಬುದ್ಧಿ ಕಲಿತ. ಲಂಬಾಣಿಗಳನ್ನು ಹಿಡಿದು ಅವರ ಎತ್ತಿನ ಹೇರುಗಳಿಂದ ದೂರದ ಕಾಳು ತರಿಸಿದ. 1791ರ ಅಕ್ಟೋಬರಿನಲ್ಲಿ ನಂದಿದುರ್ಗ, ಡಿಸೆಂಬರಿನಲ್ಲಿ ಸಾವನದುರ್ಗ ಹಿಡಿದ. 1792ರ ಫೆಬ್ರವರಿಗೆ ಮತ್ತೆ ಶ್ರೀರಂಗಪಟ್ಟಣದ ಮುಂದೆ ನಿಂತ. ಅಲ್ಲಿ ಟಿಪ್ಪುವಿನ ಲಾಲ್‌ಬಾಗಿನ ಮರಗಳನ್ನೆಲ್ಲ ಇಂಗ್ಲಿಷರು ಮುತ್ತಿಗೆಯ ಕೆಲಸಕ್ಕೆ ಕಡಿದರು. ಮಾರ್ಚಿನಲ್ಲಿ ಒಪ್ಪಂದವಾಯಿತು: ಅರ್ಧ ರಾಜ್ಯ, 3 ಕೋಟಿ 30 ಲಕ್ಷ ರೂಪಾಯಿ, ಒತ್ತೆಗೆ ಇಬ್ಬರು ಮಕ್ಕಳು. ಅಂದರೆ ಅಷ್ಟು ಹಳ್ಳಿಗಳ ಬೆಂಕಿ ಕೊಂಡುಕೊಂಡದ್ದು ಒಂಬತ್ತು ತಿಂಗಳ ಕಾಲಾವಕಾಶ ಮಾತ್ರ. ಬೆಂಕಿಗೆ ಸಿಕ್ಕ ರೈತನೇ ಆ ದಂಡದ ಹಣದ ಹೊರೆಯನ್ನೂ ಕೊನೆಗೆ ಹೊರಬೇಕಾಯಿತು.

1799ರಲ್ಲಿ ಇದೇ ಆಟ ಮತ್ತೊಮ್ಮೆ ಆಯಿತು. ಹ್ಯಾರಿಸನ ದಂಡು ತಲಘಟ್ಟಪುರ, ಕನಕಪುರ, ಮಳವಳ್ಳಿ ಮಾರ್ಗವಾಗಿ ಬಂದಾಗ ಟಿಪ್ಪು ಮತ್ತೆ ಮೇವು ಸುಡಿಸಿದ. ಹ್ಯಾರಿಸ್ ಹಿಂದಿನ ದಾರಿ ಬಿಟ್ಟು ಸೋಸಲೆಯ ಹತ್ತಿರ ಕಾವೇರಿ ದಾಟಿದ. ಆಚೆ ದಡದ ಊರುಗಳು ಸುಟ್ಟಿರಲಿಲ್ಲ. ದಂಡಿಗೆ ಬೇಕಾದಷ್ಟು ಮೇವು ಸಿಕ್ಕಿತು. ಮೇ 4ರಂದು ಟಿಪ್ಪು ಮಡಿದ.

ಒಬ್ಬನನ್ನೇ ದೂರಬೇಡಿ

ಇಷ್ಟು ಓದಿ ಕೆಲವರಿಗೆ ಟಿಪ್ಪುವಿನ ಮೇಲೆ ಸಿಟ್ಟು ಬಂದೀತು, ಕೆಲವರಿಗೆ ನನ್ನ ಮೇಲೇ ಬಂದೀತು! ಅದಕ್ಕೇ ಉಳಿದ ಲೆಕ್ಕವನ್ನೂ ಹೇಳಿಬಿಡುತ್ತೇನೆ. 1565ರಲ್ಲಿ ರಕ್ಕಸ-ತಂಗಡಿ ಯುದ್ಧದ ನಂತರ ವಿಜಯನಗರವನ್ನು ಸುಲ್ತಾನರ ದಂಡುಗಳು ತಿಂಗಳುಗಟ್ಟಲೆ ಸುಟ್ಟು ಹಾಳುಮಾಡಿದ್ದು ಎಲ್ಲರಿಗೂ ಗೊತ್ತು. 1780ರಲ್ಲಿ ಹೈದರಾಲಿ ಕರ್ನಾಟಿಕ್ ಪ್ರಾಂತ್ಯಕ್ಕೆ ಇಳಿದು ಮದರಾಸಿನ ಸುತ್ತಲಿನ ತಮಿಳು ಹಳ್ಳಿಗಳನ್ನು ಸುಡಿಸಿದ. ಈ ಬಿನ್ನಿಪೇಟೆಯಲ್ಲಿ ನಮ್ಮ ಪಕ್ಕದ ಮನೆಯಲ್ಲಿರುವವರ ಪೂರ್ವಿಕರು ಅಲ್ಲಿ ವಲಸೆ ಹೊರಟಿದ್ದಿರಬಹುದು. ನಾವು ಹೇಳುತ್ತಿರುವ ಇದೇ 1791ರಲ್ಲಿ ಪರಶುರಾಮ ಭಾವುವಿನ ಮರಾಠಾ ದಂಡಿನ ಸವಾರರು ಶೃಂಗೇರಿ ಮಠವನ್ನೇ ದೋಚಿದರು. ಸ್ವಾಮಿಗಳು ಕಾರ್ಕಳದಲ್ಲಿ ಆಶ್ರಯ ಪಡೆಯಬೇಕಾಯಿತು. ಮಠದ ಪುನರುದ್ಧಾರಕ್ಕೆ ಹಣ, ಧಾನ್ಯ ಕೊಟ್ಟವನು ಟಿಪ್ಪು. ಆ ಕಾಗದಗಳನ್ನು 1916ರಲ್ಲಿ ಬೆಳಕಿಗೆ ತಂದವರು ಮೈಸೂರಿನ ಪ್ರಾಕ್ತನ ಇಲಾಖೆಯ ಆರ್. ನರಸಿಂಹಾಚಾರ್ಯರು.

ಟಿಪ್ಪುವಿನ ಕಂದಾಯದ ನಿಯಮಗಳಲ್ಲಿ ಬಡ ರೈತನಿಗೆ ನೇಗಿಲಿಗೆಂದು ತಕಾವಿ ಕೊಡಬೇಕು ಎಂದು ಅಮಲ್ದಾರರಿಗೆ ಆಜ್ಞೆಯಿದೆ. ನೇಗಿಲಿಗೆ ಸಾಲ ಕೊಡು ಎಂದ ದೊರೆಯೇ ಯುದ್ಧ ಬಂದಾಗ ಅದೇ ರೈತನ ಬಣವೆಗೆ ಬೆಂಕಿ ಇಡು ಎಂದ. ಒಳ್ಳೆಯ ದೊರೆ, ಕೆಟ್ಟ ದೊರೆ ಎಂದು ಅಂಕಿ ಹಾಕುವುದರಿಂದ ಇದು ಅರ್ಥವಾಗುವುದಿಲ್ಲ. ಯುದ್ಧದ ಲೆಕ್ಕದಲ್ಲಿ ಹಳ್ಳಿಯ ಹುಲ್ಲು ಶತ್ರುವಿನ ಎತ್ತಿನ ಆಹಾರವಾಗಿ ಕಾಣುತ್ತದೆಯೇ ಹೊರತು ರೈತನ ಎತ್ತಿನ ಆಹಾರವಾಗಿ ಕಾಣುವುದೇ ಇಲ್ಲ.

ಈ ಲೆಕ್ಕ ಇಂದಿಗೂ ಮುಗಿದಿಲ್ಲ. 1812ರಲ್ಲಿ ನೆಪೋಲಿಯನ್ನನ ಎದುರು ರಷ್ಯದವರು ಮಾಡಿದ್ದೂ ಇದನ್ನೇ. ಜನರ ಆಹಾರ, ಬೆಳೆ, ದನಕರು, ಕುಡಿಯುವ ನೀರು ನಾಶಮಾಡಬಾರದು ಎಂದು 1977ರಲ್ಲಿ ಜಿನೀವಾ ಒಪ್ಪಂದಗಳಿಗೆ ಸೇರಿಸಿದ ಪ್ರೋಟೋಕಾಲಿನ 54ನೇ ವಿಧಿ ಹೇಳುತ್ತದೆ. ಆದರೆ ಅದೇ ವಿಧಿಯ ಕೊನೆಯಲ್ಲಿ ಒಂದು ವಿನಾಯಿತಿ ಇದೆ. ದಾಳಿಯನ್ನು ಎದುರಿಸುತ್ತಿರುವ ದೇಶ ಅನಿವಾರ್ಯವಾದರೆ ತನ್ನ ಕೈಯಲ್ಲಿರುವ ತನ್ನದೇ ನೆಲದಲ್ಲಿ ಹಾಗೆ ಮಾಡಬಹುದಂತೆ. ಕನಕಪುರದ ರೈತನಿಗೆ ಈ ಕಾನೂನು ಓದಿ ಹೇಳಿದ್ದರೆ ಅವನು ಏನನ್ನುತ್ತಿದ್ದನೋ!

ಬೂದಿಯ ಮೇಲೆ ಮತ್ತೆ ಊರು

ಬಣವೆ ಸುಟ್ಟ ಮೇಲೆ ಹಳ್ಳಿಯಲ್ಲಿ ಏನಾಗುತ್ತದೆ ಎಂಬುದನ್ನು ರೈತಾಪಿ ಮನೆಯಿಂದ ಬಂದ ನಿಮಗೆ ಬಿಡಿಸಿ ಹೇಳಬೇಕಿಲ್ಲ. ಚೈತ್ರದಲ್ಲಿ ಮೇವು ಹೋದರೆ ಜ್ಯೇಷ್ಠದ ಹೊತ್ತಿಗೆ ಎತ್ತು ಇರುವುದಿಲ್ಲ. ಎತ್ತಿಲ್ಲದಿದ್ದರೆ ಮಳೆ ಬಂದರೂ ಉಳುಮೆ ಇಲ್ಲ. ಉಳುಮೆ ಇಲ್ಲದಿದ್ದರೆ ಮುಂದಿನ ವರ್ಷ ಕಾಳೂ ಇಲ್ಲ, ಹುಲ್ಲೂ ಇಲ್ಲ. ಒಂದು ರಾತ್ರಿಯ ಬೆಂಕಿ ಎರಡು ಮೂರು ವರ್ಷ ಉರಿಯುತ್ತದೆ.

ಆದರೂ ಊರುಗಳು ಮತ್ತೆ ಎದ್ದವು. 1800ರಲ್ಲಿ ಬುಕಾನನ್ ಎಂಬ ಡಾಕ್ಟರು ಮೈಸೂರು ಸೀಮೆಯನ್ನೆಲ್ಲ ಸುತ್ತಿ ಬರೆದ ಪುಸ್ತಕದಲ್ಲಿ ಹಾಳುಬಿದ್ದ ಹೊಲ, ಪಾಳುಬಿದ್ದ ಊರುಗಳ ಜೊತೆಗೆ ಜನ ಹಿಂದಿರುಗಿ ಮನೆ ಕಟ್ಟುತ್ತಿದ್ದ ವಿಷಯವೂ ಇದೆ. ಪೂರ್ಣಯ್ಯನವರ ದಿವಾನಗಿರಿಯಲ್ಲಿ ಕೆರೆ ಕಾಲುವೆಗಳ ರಿಪೇರಿ ಆಯಿತು. ಇಂದಿನ ರಾಮನಗರ ಆಗ ಕ್ಲೋಸ್‌ಪೇಟೆ ಎಂಬ ಹೆಸರಿನಲ್ಲಿ ಹುಟ್ಟಿತು.

ಸರ್ಕಾರ ಬರುವ ಮೊದಲೇ ಜನರನ್ನು ಉಳಿಸಿದ್ದು ಇನ್ನೊಂದು. ಅದು ಹಗೇವು. ನಮ್ಮ ಈಗಿನ ಹುಡುಗರಿಗೆ ಇದು ಗೊತ್ತಿರಲಾರದು. ಗಟ್ಟಿ ನೆಲದಲ್ಲಿ ಬಾಯಿ ಚಿಕ್ಕದಾಗಿ ಹೊಟ್ಟೆ ಅಗಲವಾಗಿ ತೋಡಿದ ಗುಂಡಿ. ಒಳಗೆ ಹುಲ್ಲು ಹಾಸಿ, ರಾಗಿ ತುಂಬಿ, ಬಾಯಿಗೆ ಕಲ್ಲು ಮುಚ್ಚಿ ಮಣ್ಣು ಮೆತ್ತುವುದು. ಗಾಳಿ ಆಡದೆ ಇರುವುದರಿಂದ ಹುಳ ಬೀಳುವುದಿಲ್ಲ, ರಾಗಿ ಹತ್ತಾರು ವರ್ಷ ಕೆಡುವುದಿಲ್ಲ. ತೆಗೆಯುವಾಗ ಬಾಯಿ ಬಿಚ್ಚಿ ಕೆಟ್ಟ ಗಾಳಿ ಹೋಗುವವರೆಗೆ ಕಾದು ಆಮೇಲೆ ಮನುಷ್ಯ ಇಳಿಯಬೇಕು. ಮೇಲೆ ಮನೆ ಸುಟ್ಟರೂ ಕೆಳಗೆ ರಾಗಿ ಬೆಚ್ಚಗಿರುತ್ತದೆ. ದಂಡಿನವರ ಕಣ್ಣಿಗೆ ಬೀಳದೆ ಉಳಿದ ಹಗೇವೇ ವಲಸೆ ಹೋದವರನ್ನು ಮತ್ತೆ ಊರಿಗೆ ಕರೆದ ಶಕ್ತಿ. ಹಸಿವಿಗೆ ಅದೇ, ಬಿತ್ತನೆಗೂ ಅದೇ.

ನಮ್ಮ ಸಂಘದ ಹಗೇವು

ನಮ್ಮ ಸರ್ವ ಸದಸ್ಯರ ಸಭೆಯಲ್ಲಿ ಪ್ರತಿ ವರ್ಷವೂ ತಪ್ಪದೆ ಬರುವ ಒಂದು ಪ್ರಶ್ನೆ ಇದೆ: "ಲಾಭ ಬಂದಿದೆಯಲ್ಲ, ಎಲ್ಲಾ ಡಿವಿಡೆಂಡ್ ಹಂಚಬಾರದೇಕೆ? ಆಪದ್ಧನ ನಿಧಿಗೆ ಅಷ್ಟೊಂದು ಯಾಕೆ ಹಾಕ್ತೀರಿ?" ನಿವ್ವಳ ಲಾಭದಲ್ಲಿ ಶೇಕಡಾ 25ಕ್ಕೆ ಕಡಿಮೆಯಿಲ್ಲದಂತೆ ಆ ನಿಧಿಗೆ ಹೋಗಬೇಕು ಎಂಬುದು 1959ರ ಸಹಕಾರ ಸಂಘಗಳ ಕಾಯಿದೆಯ ನಿಯಮ ಎಂದು ಕಾರ್ಯದರ್ಶಿಗಳು ಉತ್ತರ ಕೊಡುತ್ತಾರೆ. ಉತ್ತರ ಸರಿ. ಆದರೆ ಕಾಯಿದೆಗಿಂತ ಹಳೆಯ ಉತ್ತರ ಹಗೇವಿನಲ್ಲಿದೆ. 'ಆಪದ್ಧನ' ಎಂಬ ಮಾತನ್ನೇ ನೋಡಿ. ಆಪತ್ತಿಗೆ ಇಟ್ಟ ಧನ. ಬೆಂಕಿ ಬಿದ್ದ ಮೇಲೆ ಬಾವಿ ತೋಡಿದರೆ ಪ್ರಯೋಜನವಿಲ್ಲ ಎಂದು ತಿಳಿದಿದ್ದ ಹಿರಿಯರು ಸುಗ್ಗಿಯಲ್ಲೇ ಗುಂಡಿ ತೋಡಿ ರಾಗಿ ಹೂಳುತ್ತಿದ್ದರು.

1905ರಲ್ಲಿ ಗದಗಿನ ಹತ್ತಿರ ಕಣಗಿನಹಾಳದಲ್ಲಿ ಸಿದ್ದನಗೌಡ ಪಾಟೀಲರು ಸಹಕಾರ ಸಂಘ ಕಟ್ಟಿದಾಗ ಮಾಡಿದ್ದು ಇದನ್ನೇ ಎಂದು ನನಗನಿಸುತ್ತದೆ. ಒಬ್ಬೊಬ್ಬರ ಮನೆಯ ಹಿತ್ತಲಲ್ಲಿದ್ದ ಹಗೇವನ್ನು ಊರಿಗೆಲ್ಲ ಒಂದಾಗಿ ಮಾಡಿದರು.

ನಮ್ಮ ಇಪ್ಪತ್ತೈದು ವರ್ಷಗಳಲ್ಲಿ ದಂಡು ಯಾವುದೂ ಬರಲಿಲ್ಲ. ಆದರೆ ಗಿರಣಿಯ ಬಾಗಿಲು ಮುಚ್ಚಿದ್ದು ಎಷ್ಟೋ ಮನೆಗಳಿಗೆ ಬಣವೆಗೆ ಬೆಂಕಿ ಬಿದ್ದಂತೆಯೇ ಆಗಿತ್ತು. ಅಂಥ ಹೊತ್ತಿನಲ್ಲಿ ಮತ್ತೆ ಗಂಟು ಹೊತ್ತು ಇನ್ನೊಂದು ವಲಸೆಗೆ ಹೊರಡದಂತೆ ಒಂದಿಷ್ಟು ಸಾಲ, ಒಂದಿಷ್ಟು ಆಸರೆ ಸಿಗಲಿ ಎಂದೇ ಸಂಘ ಇರುವುದು. ಆದ್ದರಿಂದ ಮುಂದಿನ ಸಭೆಯಲ್ಲಿ ಆಪದ್ಧನದ ಮಾತು ಬಂದಾಗ ದಯವಿಟ್ಟು ಆರು ವರ್ಷದ ಮಗುವಿನ ತಲೆಯ ಮೇಲಿದ್ದ ಆ ಕಾಳಿನ ಗಂಟನ್ನು ನೆನೆಸಿಕೊಳ್ಳಿ. ಸಾಲ ತೆಗೆದುಕೊಂಡವರು ಕಂತನ್ನು ವಾಯಿದೆಗೆ ಸರಿಯಾಗಿ ಕಟ್ಟುವಾಗಲೂ ನೆನೆಸಿಕೊಳ್ಳಿ. ನೀವು ಕಟ್ಟುವ ಆ ಕಂತು ಇನ್ನೊಬ್ಬರ ಬಿತ್ತನೆಯ ರಾಗಿ.

ಸಂಘ ಬೆಳೆಯಲಿ, ಯಾರ ಬಣವೆಗೂ ಬೆಂಕಿ ಬೀಳದಿರಲಿ.